ಅಂಗೈಗೆ ಹಾಕಿದ ಗುಳಿಗೆ

ಪೂಜೆಯ ನಡುವೆ ಇವರು ಎದ್ದರು.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಅದನ್ನು ನೋಡಿರಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆಂದರೆ ಬಾಗಿಲಲ್ಲಿ ಯಾರು ಕೂಗಲಿ, ಒಲೆಯ ಮೇಲೆ ಹಾಲು ಉಕ್ಕಲಿ, ನಮ್ಮ ಯಜಮಾನರು ಏಳುವವರಲ್ಲ. ಅವತ್ತು ಲಿಂಗವನ್ನು ಗಡಿಬಿಡಿಯಿಂದ ವಸ್ತ್ರದಲ್ಲಿ ಸುತ್ತಿ ಸಂಡಾಸದ ಕಡೆ ಓಡಿದರು. ಬಂದು ಕೂತರು. ಮತ್ತೆ ಎದ್ದರು. ಮೂರನೆಯ ಸಲ ಬಂದಾಗ ಗೋಡೆ ಹಿಡಿದುಕೊಂಡಿದ್ದರು.

"ಹೊಟ್ಟಿ ಹಿಂಡಾಕತ್ತೈತಿ, ಗಿರಿಜಾ. ತಡ್ಕೊಳ್ಳಾಕ ಆಗವಲ್ದು."

ಅದಕ್ಕೂ ಒಂದು ವರ್ಷದ ಹಿಂದೆ ಇವರ ದೊಡ್ಡ ಕರುಳನ್ನು ಪೂರ್ತಿ ತೆಗೆದಿದ್ದರು. ಅಲ್ಸರೇಟಿವ್ ಕೊಲೈಟಿಸ್. ವರ್ಷಗಟ್ಟಲೆ ರಕ್ತ ಹೋಗಿ, ಯಾವ ಔಷಧಕ್ಕೂ ಬಗ್ಗದೆ, ಕೊನೆಗೆ ಆಪರೇಷನ್. ಸಣ್ಣ ಕರುಳಿನ ತುದಿಯನ್ನೇ ಮಡಚಿ ಒಳಗೊಂದು ಚೀಲ ಹೊಲಿದರು. ಅದಕ್ಕೆ ಪೌಚ್ ಅನ್ನುತ್ತಾರೆ. ಆ ಹೊಲಿಗೆ ಕೂಡುವ ತನಕ ಮೂರು ತಿಂಗಳು ಹೊಟ್ಟೆಯ ಮೇಲೆ ಬ್ಯಾಗ್ ಇತ್ತು. ಹೊಟ್ಟೆಯೊಳಗಿನದೆಲ್ಲ ಅದರಲ್ಲೇ ಬೀಳುತ್ತಿತ್ತು. ಥಿಯೇಟರಿನೊಳಗೆ ಮೈಮೇಲೆ ಏನೂ ಇರುವಂತಿಲ್ಲ ಎಂದು ನರ್ಸ್ ಹೇಳಿದಾಗ ಇವರು ಲಿಂಗ ಬಿಚ್ಚಿ ನನ್ನ ಕೊರಳಿಗೆ ಹಾಕಿದ್ದರು. ಅಷ್ಟು ಹೊತ್ತೂ ಎರಡು ಲಿಂಗ ಹೊತ್ತು ಬೆಂಚಿನ ಮೇಲೆ ಕೂತಿದ್ದೆ. ಜೀವಂತ ಹೊರಗೆ ಬಂದರು. ಅದು ದೊಡ್ಡ ಕರುಣೆ. ಮರೆತಿಲ್ಲ.

ಆದರೆ ಬ್ಯಾಗ್ ಇದ್ದ ಮೂರು ತಿಂಗಳು ಇವರು ಪೂಜೆಗೆ ಕೂರಲಿಲ್ಲ. ಲಿಂಗ ಕಟ್ಟಿಕೊಂಡವರಿಗೆ ಮೈಲಿಗೆ ಇಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದವರು ಇವರೇ. ತಮ್ಮ ಮೈಗೆ ಬಂದಾಗ ಆ ಮಾತು ಅವರಿಗೇ ಒಗ್ಗಲಿಲ್ಲ. "ಹೊಟ್ಟಿ ಮ್ಯಾಲೆ ಇದನ್ನ ಕಟ್ಕೊಂಡು ಆತನ್ನ ಹೆಂಗ ಅಂಗೈಯಾಗ ಹಿಡೀಲಿ?" ಎನ್ನುತ್ತಿದ್ದರು. ಬ್ಯಾಗ್ ತೆಗೆದ ಮೇಲೆ ಮೊದಲ ಸಲ ಪೂಜೆಗೆ ಕೂತ ದಿನ ಮಗುವಿನ ಹಾಗೆ ಅತ್ತರು. ಆಮೇಲೆ ಒಂದೇ ಮಾತು ಹೇಳಿದ್ದರು: "ಏನರ ಬರಲಿ, ಆ ಬ್ಯಾಗ್ ಒಂದು ತಿರುಗಿ ಬ್ಯಾಡ."

ಇದನ್ನೆಲ್ಲ ಬಲ್ಲವಳೇ ನಾನು. ಬಲ್ಲವಳಾಗಿಯೂ ಮಾಡಿದೆ.

ಪೌಚಿಗೆ ಬಾವು ಬಂದಿದೆ, ಪೌಚೈಟಿಸ್ ಎಂದರು ಡಾಕ್ಟರು. ಎರಡು ವಾರದ ಆಂಟಿಬಯಾಟಿಕ್‌ಗೆ ಇಳಿಯಿತು. ನಿಲ್ಲಿಸಿದ ಮೇಲೆ ತಿರುಗಿ ಬಂತು. ಮತ್ತೆ ಕೊಟ್ಟರು, ಇಳಿಯಿತು. ನಿಲ್ಲಿಸಿದರು, ಬಂತು. ಹೀಗೆ ಮೂರು ಸಲ ಆದ ಮೇಲೆ, ಇನ್ನು ದಿನಾ ಒಂದು ಗುಳಿಗೆ, ಬಿಡುವ ಹಾಗಿಲ್ಲ ಎಂದರು.

"ಎಷ್ಟ ದಿನಾರೀ?" ಎಂದು ಕೇಳಿದೆ.

"ಸದ್ಯಕ್ಕ ದಿನಾ ಎಣಿಸಬ್ಯಾಡ್ರಿ, ಅಮ್ಮಾರ. ನಡಕೊಂತ ಹೋಗ್ಲಿ. ರಕ್ತಾ ಮ್ಯಾಲಿಂದ ಮ್ಯಾಲೆ ತಪಾಸ ಮಾಡೂಣು."

ಗುಳಿಗೆ ಹತ್ತಿತು. ಖಾರ ಬಿಟ್ಟು, ಮೆತ್ತಗಿನ ಅನ್ನ ಮೊಸರು ಬಾಳೆಹಣ್ಣಿನ ಮೇಲೆ ಇವರು ಗೋಪನಕೊಪ್ಪದ ಮನೆಯಿಂದ ಕಮರಿಪೇಟೆಯ ಅಂಗಡಿಗೆ ಹೋಗಿ ಬರುವಂತಾದರು. ನಮ್ಮದು ನೋಟ್‌ಬುಕ್ಕು, ಪೆನ್ನಿನ ಸಣ್ಣ ಅಂಗಡಿ. ಮೊದಲು ದಿನಕ್ಕೆ ಹದಿನೈದು ಸಲ ಓಡುತ್ತಿದ್ದವರು ಆರು ಸಲಕ್ಕೆ ಬಂದರು. ಆರು ಎನ್ನುವುದು ನಮ್ಮ ಮನೆಯಲ್ಲಿ ಹಬ್ಬದ ಮಾತು.

ಗುಳಿಗೆ ಕೊಡುವ ಕೆಲಸ ನನ್ನದು. ಪೂಜೆ ಮುಗಿದು, ಹಣೆಗೆ ವಿಭೂತಿ ಇರುವಾಗಲೇ ಕಣ್ಣು ಮುಚ್ಚಿಕೊಂಡು ಬಲಗೈ ಚಾಚುತ್ತಿದ್ದರು. ನಾನು ಹಾಕುತ್ತಿದ್ದೆ. ನುಂಗಿ ನೀರು ಕುಡಿಯುತ್ತಿದ್ದರು.

"ಒಂದ ಸಲಾನರ ನೋಡ್ರಿ, ಏನ ನುಂಗಾಕತ್ತೇನಿ ಅಂತ."

"ಪ್ರಸಾದ ಯಾರರ ನೋಡಿ ತಗೋತಾರೇನ?"

ಶ್ರಾವಣಕ್ಕೆ ಮುಂಚೆ ಅಮ್ಮಿನಬಾವಿಯಿಂದ ಇವರ ಅಕ್ಕ ಬಂದರು. ಗುಳಿಗೆಯ ಖಾಲಿ ಸ್ಟ್ರಿಪ್ಪುಗಳನ್ನು ನೋಡಿ ಸೊಂಟಕ್ಕೆ ಕೈಯಿಟ್ಟರು. "ಏನವಾ, ನನ್ನ ತಮ್ಮಗ ಅನ್ನಕಿಂತ ಗುಳಗೀನ ಹೆಚ್ಚ ಉಣಸಾಕತ್ತೀಯಲ್ಲ? ಹಿಂಗ ನುಂಗಿದ್ರ ಕಿಡ್ನಿ ಉಳೀತಾವೇನು?"

"ಡಾಕ್ಟರ್ ಹೇಳ್ಯಾರ್ರೀ ಅಕ್ಕಾರ."

"ಡಾಕ್ಟರ್ ಹೇಳ್ತಾರ. ನಿನ್ನ ದೇವರು ಏನ ಹೇಳ್ತಾನ, ಕೇಳೀಯೇನು?"

ಅವರನ್ನು ದೂರುವುದಿಲ್ಲ. ತಮ್ಮನ ಮೇಲಿನ ಜೀವ, ಅಂದರು, ಮರುದಿನ ಬಸ್ಸು ಹತ್ತಿ ಹೋದರು. ಮಾತು ನನ್ನೊಳಗೆ ಕೂತಿತು. ಡಾಕ್ಟರನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು.

ಶ್ರಾವಣದ ಮೊದಲ ಸೋಮವಾರ ಮಠದಲ್ಲಿ ದಾಸೋಹಕ್ಕೆ ರೊಟ್ಟಿ ಬಡಿದು ಬಂದು ಸಂಕಲ್ಪ ಮಾಡಿದೆ. ಈ ಒಂದು ತಿಂಗಳು ಗುಳಿಗೆ ಇಲ್ಲದೆ ಇವರನ್ನು ನೀನೇ ನಡೆಸು, ತಂದೆ. ನಾನು ಒಪ್ಪತ್ತು ಉಣ್ಣುತ್ತೇನೆ. ನನ್ನ ಮೊಣಕಾಲು ನೋವಿಗೆಂದು ಕೊಟ್ಟಿದ್ದ ಕ್ಯಾಲ್ಸಿಯಂ ಗುಳಿಗೆಯೂ ಬಿಳಿ, ಅದೂ ಉದ್ದ. ಅದನ್ನು ಇವರ ಅಂಗೈಗೆ ಹಾಕಿದೆ. ಇವರ ಗುಳಿಗೆಯನ್ನು ಸ್ಟ್ರಿಪ್ಪಿನಿಂದ ತೆಗೆದು ದೇವರ ಮುಂದಿನ ಕುಂಕುಮದ ಭರಣಿಯಲ್ಲಿ ಬಚ್ಚಿಟ್ಟೆ.

ಇವರು ಕಣ್ಣು ಮುಚ್ಚಿ ನುಂಗಿದರು.

ಎಂಟು ದಿನ ಏನೂ ಆಗಲಿಲ್ಲ. ನಾನು ಉಬ್ಬಿಹೋದೆ. ಇವರಿಗೆ ಗುಣವಾದದ್ದಕ್ಕಿಂತ ದೇವರು ನನ್ನ ಮಾತು ಕೇಳಿದನಲ್ಲ ಎಂಬ ಹೆಮ್ಮೆಯೇ ಹೆಚ್ಚಾಗಿತ್ತೇನೋ. ಒಂಬತ್ತನೆಯ ದಿನ ಆರಿದ್ದದ್ದು ಒಂಬತ್ತಾಯಿತು. ಆಮೇಲೆ ಹನ್ನೆರಡು, ಹದಿನಾಲ್ಕು. ಅಂಗಡಿ ಬಂದಾಯಿತು. ದೇವರು ಪರೀಕ್ಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಗುಳಿಗೆ ತಿರುಗಿ ಕೊಡುವ ಬದಲು ಇನ್ನೊಂದು ದೀಪ ಹಚ್ಚಿದೆ.

ಹತ್ತೊಂಬತ್ತನೆಯ ದಿನ ಚಳಿ ಜ್ವರ. ಆಸ್ಪತ್ರೆಗೆ ಹೊರಡುವಾಗ ಭರಣಿಯನ್ನು ಯಾಕೆ ನನ್ನ ಚೀಲಕ್ಕೆ ಹಾಕಿಕೊಂಡೆನೋ ಗೊತ್ತಿಲ್ಲ. ಮನೆಯಲ್ಲಿ ಯಾರ ಕಣ್ಣಿಗಾದರೂ ಬಿದ್ದೀತು ಎಂದು ಹೆದರಿದ್ದೆನೇನೋ.

ಅಡ್ಮಿಟ್ ಮಾಡಿಕೊಂಡರು. ಮರುದಿನ ಮುಂಜಾನೆ ಸ್ಕೋಪ್ ಹಾಕಿ ನೋಡಿದ ಡಾಕ್ಟರು ವಾರ್ಡಿಗೆ ಬಂದು ಸ್ಟೂಲು ಎಳೆದುಕೊಂಡು ಕೂತರು. ಅವರು ಕೂತು ಮಾತಾಡಿದ್ದು ನಾನು ಕಂಡಿರಲಿಲ್ಲ.

"ಒಳಗ ಭಾಳ ಬಾವು ಐತ್ರಿ. ಗುಳಗಿ ತಪ್ಪಿಸಿದ್ರೇನು?"

"ಒಂದ ದಿನಾನೂ ಇಲ್ರಿ," ಎಂದರು ಇವರು. "ನಮ್ಮಾಕಿ ದೇವರ ಮುಂದ ಕೈಯಾಗ ಹಾಕ್ತಾಳ್ರಿ. ತಪ್ಪೂದ ಹೆಂಗ?"

ನಾನು ಡ್ರಿಪ್ಪಿನ ಹನಿ ನೋಡುತ್ತ ನಿಂತಿದ್ದೆ.

"ಹಂಗಾದ್ರ ಈ ಗುಳಗಿ ಕೆಲಸಾ ಬಿಟ್ಟಂಗ. ಬ್ಯಾರೆ ದೊಡ್ಡ ಔಷಧಕ್ಕ ಹೋಗಬೇಕಾಗ್ತೈತಿ. ಅದಕ್ಕೂ ಬಗ್ಗಲಿಲ್ಲ ಅಂದ್ರ..." ಡಾಕ್ಟರು ಇವರ ಮುಖ ನೋಡಿ ದನಿ ಇಳಿಸಿದರು. "ಮತ್ತ ಬ್ಯಾಗಿನ ಮಾತು ಬರ್ತೈತ್ರಿ. ಸಂಜಿಕ ಸರ್ಜನ್ ಬರ್ತಾರ. ಮಾತಾಡೂಣು."

ಅವರು ಹೋದರು. ಇವರಿಗೆ ಗಂಜಿ ಕುಡಿಸಿದೆ, ಬಾಯಿ ಒರೆಸಿದೆ. ಮಧ್ಯಾಹ್ನ ಇವರು ಕೊರಳಿಗೆ ಕೈ ಹಾಕಿ ಲಿಂಗದ ದಾರ ತೆಗೆದರು.

"ತಗೋ. ನೀನ ಇಟ್ಕೊ."

"ಯಾಕ್ರೀ?"

"ಹೆಂಗೂ ಬ್ಯಾಗ್ ಬರ್ತೈತಿ. ಈಗಿಂದನ ರೂಢಿ ಆಗ್ಲಿ."

ನನ್ನ ಕೈ ಮುಂದೆ ಬರಲಿಲ್ಲ. ಚೀಲದಿಂದ ಭರಣಿ ತೆಗೆದು ಮಂಚದ ಮೇಲೆ, ಅವರ ಮುಂದೆ ಸುರುವಿದೆ. ಗುಳಿಗೆಗಳಿಗೆ ಕುಂಕುಮ ಮೆತ್ತಿಕೊಂಡಿತ್ತು.

"ಇವು ನಿಮ್ಮ ಗುಳಗಿರೀ. ನಾ ಕೊಟ್ಟಿಲ್ಲ. ನನ್ನ ಕ್ಯಾಲ್ಸಿಯಂ ಕೊಟ್ಟೇನಿ."

ಇವರು ಒಂದು ಗುಳಿಗೆ ಎತ್ತಿ ಬೆಳಕಿಗೆ ಹಿಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು.

"ಎಷ್ಟ ದಿನಾ?"

"ಹತ್ತೊಂಬತ್ತು."

"ದಿನಾ ಕೈ ಚಾಚಿದ್ನಲ್ಲ ಗಿರಿಜಾ," ಎಂದರು. ಅಷ್ಟೇ. ಲಿಂಗವನ್ನು ತಿರುಗಿ ಕೊರಳಿಗೆ ಹಾಕಿಕೊಂಡು ಗೋಡೆಯ ಕಡೆ ಹೊರಳಿದರು. ಗೋಡೆಗೇ ಹೇಳಿದಂತೆ, "ಹೋಗು. ಡಾಕ್ಟರಿಗೆ ಹೇಳು. ಸರ್ಜನ್ ಬರೂಕಿಂತ ಮೊದಲ ಹೇಳು," ಎಂದರು.

ಓಪಿಡಿಯಲ್ಲಿ ಸಾಲು ಇತ್ತು. ಸಾಲು ಬಿಟ್ಟು ಒಳಗೆ ಹೋದೆ. ಡಾಕ್ಟರು ಪೂರ್ತಿ ಕೇಳಿ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಹೆದರಿದ್ದು ತಪ್ಪಲ್ರಿ, ಅಮ್ಮಾರ. ಈ ಗುಳಗಿ ನುಂಗವ್ರ ಮನ್ಯಾಗ ಎಲ್ಲಾರೂ ಹೆದರ್ತಾರ. ನನ್ನ ಮುಂದ ಬಂದು ಹೆದರಬೇಕಾಗಿತ್ತು." ಇವರ ಹಳೆಯ ರಕ್ತದ ರಿಪೋರ್ಟುಗಳನ್ನು ತೆಗೆದು ಒಂದೊಂದೇ ತೋರಿಸಿದರು. ಕಿಡ್ನಿ ಸರಿಯಾಗಿಯೇ ಇದ್ದವು. ನಾನು ಕೇಳಿದ್ದರೆ ಐದು ನಿಮಿಷದ ಮಾತು. "ಗುಳಗಿ ಸೋತಿಲ್ಲ ಅಂದ್ರ ಬ್ಯಾಗಿನ ಮಾತು ಈಗ ಬ್ಯಾಡ. ಮದಲ ಇದನ್ನ ಕೊಟ್ಟು ನೋಡೂಣು. ಖಾತ್ರಿ ಹೇಳಾಂಗಿಲ್ಲ."

ಎರಡು ಆಂಟಿಬಯಾಟಿಕ್ ಕೂಡಿಸಿ ನಾಲ್ಕು ವಾರ ಕೊಟ್ಟರು. ಇವರ ಬಾಯಿಗೆ ತಗಡಿನ ರುಚಿ ಬಂತು, ಹದಿನಾಲ್ಕು ಹತ್ತಾಯಿತು, ಹತ್ತು ಏಳಾಯಿತು. ಸದ್ಯಕ್ಕೆ ಮತ್ತೆ ದಿನಕ್ಕೊಂದು ಗುಳಿಗೆ. ಮುಂದೆ ಏನೆಂದು ಡಾಕ್ಟರೂ ಹೇಳುವುದಿಲ್ಲ, ನಾನೂ ಸಂಕಲ್ಪ ಮಾಡುವುದಿಲ್ಲ. ದೇವರನ್ನು ಬಿಟ್ಟಿಲ್ಲ. ಆದರೆ ಆತನ ಮುಂದೆ ಕೂತಾಗ ಬೇಡಿಕೊಳ್ಳಲು ನಾಚಿಕೆ. ನನ್ನ ಗಂಡನ ಹೊಟ್ಟೆಯನ್ನು ಪಣಕ್ಕಿಟ್ಟು ನನ್ನ ಭಕ್ತಿ ಅಳೆದುಕೊಂಡವಳು ನಾನು.

ಅಕ್ಕನ ಮುಂದೆ ಇವರು ಏನೂ ಹೇಳಲಿಲ್ಲ. ಫೋನಿನಲ್ಲಿ ಕೇಳಿದಾಗ, "ರೋಗ ಜೋರಾಗಿತ್ತವಾ," ಎಂದರು. ಅದೂ ಒಂದು ಕರುಣೆ. ಆದರೆ ಮನೆಗೆ ಬಂದ ಮೇಲೆ ಪೂಜೆ ಮುಗಿಸಿ ಕಣ್ಣು ತೆರೆದೇ ಕೈ ಚಾಚುತ್ತಿದ್ದರು. ಸ್ಟ್ರಿಪ್ಪು ಇಸಿದುಕೊಂಡು, ಹೆಸರು ಓದಿ, ತಾವೇ ಗುಳಿಗೆ ಒತ್ತಿ ತೆಗೆಯುತ್ತಿದ್ದರು. ನಾನು ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದೆ. ಅದು ನ್ಯಾಯವೇ.

ಕಳೆದ ಸೋಮವಾರ ಪೂಜೆಗೆ ಕೂತವರು ಮುಗಿಯುವ ತನಕ ಏಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ನೋಡುತ್ತಿದ್ದೆ. ವಿಭೂತಿ ಆಯಿತು. ಸ್ಟ್ರಿಪ್ಪು ಮುಂದೆ ಹಿಡಿದೆ. ಇಸಿದುಕೊಳ್ಳಲಿಲ್ಲ. ಕಣ್ಣು ಮುಚ್ಚಿ ಅಂಗೈ ಚಾಚಿದರು.

"ಕಣ್ಣ ತಗೀರಿ. ನೋಡಿ ನುಂಗ್ರಿ."

"ನೀ ನೋಡೀಯಿಲ್ಲೋ?"

"ನೋಡೇನ್ರಿ."

"ಮತ್ತ ಹಾಕು. ಅಂಗಡಿ ತಗ್ಯಾಕ ಹೊತ್ತಾತು."

ಸ್ಟ್ರಿಪ್ಪಿನ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಅವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ. ಆಮೇಲೆ ಅಂಗೈಗೆ ಹಾಕಿದೆ.