ಲೋರ್ನಾ ಮಾರದೆ ಬಿಟ್ಟ ಪ್ರೆಸ್

ಬೆಳಕು ಇನ್ನೂ ಬೆಟ್ಟದ ಆಚೆಗೇ ಇದೆ. ಕಾಪರ್ ಫೋರ್ಕ್ ಊರಿಗಿರುವ ಒಂದೇ ದೊಡ್ಡ ಅಂಗಡಿಯಲ್ಲಿ ಕುದುರೆ ಮೇವಿನ ಮೂಟೆ, ಬೇಲಿತಂತಿಯ ಸುರುಳಿ ಎಲ್ಲ ದಾಟಿದರೆ ಹಿಂಬದಿಗೆ ಒಂದು ಮೂಲೆ. ಅಲ್ಲಿ ಲೋರ್ನಾ ಹೌಗನ್ ಮಂಡಿಯೂರಿ ಕೂತು ದಪ್ಪ ಹಲಗೆಗೆ ಬೋಲ್ಟು ಬಿಗಿಯುತ್ತಿದ್ದಾರೆ. ಹಲಗೆಯ ಮೇಲೆ ಸಾಲಾಗಿ ನಿಂತಿರುವುದು ಪ್ರೆಸ್‌ಗಳು. ಹೊಡೆದು ಖಾಲಿಯಾದ ಹಿತ್ತಾಳೆ ಕೊಳವೆಯನ್ನು ಮತ್ತೆ ಅಳತೆಗೆ ಒತ್ತಿ, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಗುಂಡು ಸಿಕ್ಕಿಸಿ, ಕೋವಿಯ ಕಾಡತೂಸನ್ನು ಮನೆಯಲ್ಲೇ ತಯಾರಿಸಿಕೊಳ್ಳುವವರ ಕೈಯಂತ್ರ ಇದು. ಹಿಡಿಯನ್ನು ಒಮ್ಮೆ ಎಳೆದರೆ ಒಂದೇ ಕೆಲಸ ಆಗುತ್ತದೆ. ಅವಸರದವರಿಗೆ ಹೇಳಿದ್ದಲ್ಲ.

ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಯ ಕಾಲ ಇನ್ನೇನು ಶುರುವಾಗಬೇಕು. ಮೊಂಟಾನಾದ ನಮ್ಮ ಕಣಿವೆಯಲ್ಲಿ ಈ ವಾರ ಗಂಡಸರಿಗೆ ಬೇರೆ ಮಾತೇ ಇರುವುದಿಲ್ಲ, ಹೆಂಗಸರಲ್ಲೂ ಅರ್ಧ ಜನಕ್ಕೆ ಇರುವುದಿಲ್ಲ. ಬಾಗಿಲು ತೆರೆಯುವ ಮೊದಲೇ ಹೊರಗೆ ಪಿಕಪ್ ಗಾಡಿಗಳು ಬಂದು ನಿಲ್ಲುತ್ತವೆ. ಬಂದವರೆಲ್ಲ ಲೋರ್ನಾ ಹತ್ತಿರ ಕೇಳುವುದು ಒಂದೇ: ಯಾವುದು ಎಲ್ಲಕ್ಕಿಂತ ಗಟ್ಟಿ?

"ಯಾವ ಕೋವಿ, ವರ್ಷಕ್ಕೆ ಎಷ್ಟು ಹೊಡೀತೀಯ, ಯಾವ ಮೇಜಿಗೆ ಬಿಗೀತೀಯ, ಎಡಗೈಯೋ ಬಲಗೈಯೋ, ಇಷ್ಟು ಹೇಳು ಅಂತೀನಿ," ಎಂದು ಲೋರ್ನಾ ಸ್ಪ್ಯಾನರ್ ಒರೆಸುತ್ತ ನಗುತ್ತಾರೆ. "ಮದ್ವೆ ಆಗೋವಾಗ್ಲೂ ನಂಗೆ ಯಾರೂ ಇಷ್ಟು ಪ್ರಶ್ನೆ ಕೇಳಿರ್ಲಿಲ್ಲ ಅಂತ ಗೊಣಗ್ತಾರೆ. ಕೇಳ್ಬೇಕಿತ್ತು ಬಿಡಪ್ಪಾ ಅಂತೀನಿ ನಾನು."

ಲೋರ್ನಾ ಈ ಮೂಲೆಗೆ ಇಷ್ಟಪಟ್ಟು ಬಂದವರಲ್ಲ. ಮೊದಲು ಊರಿನ ಮರದ ಮಿಲ್ಲಿನಲ್ಲಿ ಹಲಗೆ ವಿಂಗಡಿಸುವ ಕೆಲಸ ಮಾಡುತ್ತಿದ್ದರು. ಗರಗಸದ ಸದ್ದಿಗೆ ಒಂದು ಕಿವಿ ಮಂದವಾಯಿತು, ಆಮೇಲೆ ಮಿಲ್ಲೇ ಮುಚ್ಚಿತು. ಅಂಗಡಿಯವರು ಯಾರಿಗೂ ಬೇಡವಾಗಿದ್ದ ಈ ಮೂಲೆಯನ್ನು ಕೊಟ್ಟರು. ಮೊದಮೊದಲು ಬಂದ ಗಿರಾಕಿಗಳು ಇವರ ಮುಖ ನೋಡಿ, ಅತ್ತ ಬೂಟು ಮಾರುವವನ ಹತ್ತಿರ ಹೋಗಿ ಮದ್ದಿನ ವಿಷಯ ಕೇಳುತ್ತಿದ್ದರಂತೆ. ಆತನಿಗೆ ಬೂಟಿನ ವಿಷಯವೇ ಪೂರ್ತಿ ಗೊತ್ತಿರಲಿಲ್ಲ. ಲೋರ್ನಾ ಒಂದೊಂದೇ ಪ್ರೆಸ್ಸನ್ನು ಮನೆಗೆ ಒಯ್ದು, ತಮ್ಮ ಕೋವಿಗೆ ತಾವೇ ಕಾಡತೂಸು ತುಂಬಿಕೊಂಡು, ತಪ್ಪು ಮಾಡಿ, ತಿದ್ದಿಕೊಂಡು ಕಲಿತರು. ದಿನವಿಡೀ ಸಿಮೆಂಟು ನೆಲದ ಮೇಲೆ ನಿಂತೇ ಇರಬೇಕು. ಸಂಜೆಯ ಹೊತ್ತಿಗೆ ಪಾದ ಊದಿಕೊಂಡಿರುತ್ತದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ, ತಣ್ಣಗಾದ ಬಿಸ್ಕತ್ತು ಗ್ರೇವಿಯನ್ನು, ಅಂದರೆ ಗಟ್ಟಿ ಸಾರು ಸುರಿದ ಮೆತ್ತನೆ ಬನ್ನನ್ನು, ನಿಂತಲ್ಲೇ ತಿಂದು ಮುಗಿಸುತ್ತಾರೆ. ಗೋಡೆಯ ತುಂಬ ಎಲ್ಕ್ ಹೊಡೆದವರ ಫೋಟೋಗಳಿವೆ, ಆದರೆ ಇವರದು ಒಂದೂ ಇಲ್ಲ.

ಹೋದ ವರ್ಷ ಇದೇ ವಾರ ನಡೆದದ್ದನ್ನು ಹೇಳುವಾಗ ಮಾತ್ರ ಲೋರ್ನಾ ಸ್ಪ್ಯಾನರ್ ಕೆಳಗಿಟ್ಟುಬಿಡುತ್ತಾರೆ.

ಅವತ್ತು ಬೆಳಗ್ಗೆ ಮೊದಲು ಒಳಗೆ ಬಂದವನು ನಮ್ಮ ರಾಯ್ಸ್ ಗಿಲ್ಬಿ. ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುತ್ತಾನೆ. ಒಳ್ಳೆಯ ಹುಡುಗ, ಆದರೆ ಯಾವುದಕ್ಕೂ ಕಾಯುವ ಪೈಕಿಯಲ್ಲ. ಕೈಯಲ್ಲಿ ಮುರಿದ ಹಿಡಿಯ ಚಿಕ್ಕ ಪ್ರೆಸ್ಸು, ಬಾಯಲ್ಲಿ ಬೈಗುಳ.

"ಲೋರ್ನಾ, ನೀವು ಕೊಟ್ಟ ಈ ಆಟದ ಸಾಮಾನು ಕೈ ಕೊಡ್ತು. ಕೊಳವೆ ಒಳಗೇ ಹೋಗಲ್ಲ. ಜೋತಾಡಿ ಎಳೆದ್ರೆ ಹಿಡಿನೇ ಮುರೀತು. ಆ ಕಬ್ಬಿಣದ ರಾಕ್ಷಸನ್ನ ಕೊಡಿ," ಎಂದು ಸಾಲಿನ ಕೊನೆಯಲ್ಲಿದ್ದ ಎರಕದ ದೊಡ್ಡ ಪ್ರೆಸ್ಸನ್ನು ತೋರಿಸುತ್ತಾನೆ.

"ಕೊಳವೆಗೆ ಎಣ್ಣೆ ಹಚ್ಚಿದ್ಯಾ?"

"ಹಚ್ಚದೆ ಇರ್ತೀನಾ? ಅವು ಸೇನೆಯವರು ಹೊಡೆದು ಬಿಟ್ಟ ಕೊಳವೆಗಳಲ್ವಾ, ಗಟ್ಟಿ ಇರ್ತವೆ ಅಂತ ಎಲ್ರೂ ಹೇಳ್ತಾರೆ."

ಎಲ್ಲರೂ ಹೇಳುವುದು ನಿಜವೇ. ಅಂಥ ಕೊಳವೆ ಮೊದಲ ಸಲ ಒತ್ತುವಾಗ ಬಿಗಿ ಇರುತ್ತದೆ. ಲೋರ್ನಾ ತಲೆಯಾಡಿಸಿ ದೊಡ್ಡ ಪ್ರೆಸ್ಸಿನ ಡಬ್ಬ ಇಳಿಸುತ್ತಾರೆ. ರಾಯ್ಸ್ ಕಾರ್ಡು ತೆಗೆಯುತ್ತಾನೆ. ಕಾರ್ಡು ಕೈಗೆ ತೆಗೆದುಕೊಳ್ಳುವಾಗ ಲೋರ್ನಾ ಸುಮ್ಮನೆ ಮಾತಿಗೆಂದು ಕೇಳುತ್ತಾರೆ: "ಮೊದಲ ಸಲ ತಾನೇ ಒತ್ತಿದ್ದು?"

"ಇಲ್ಲ, ಮೊದಲ ಸಲ ಸಲೀಸಾಗಿ ಆಯ್ತು. ಅದನ್ನ ನಾನು ಹೊಡೆದಾದ್ಮೇಲೆ, ಈಗ ಎರಡನೇ ಸಲಕ್ಕೇ ತೊಂದ್ರೆ."

ಲೋರ್ನಾ ಕಾರ್ಡನ್ನು ಹಾಗೇ ಹಿಡಿದು ನಿಲ್ಲುತ್ತಾರೆ. ಎರಡನೇ ಸಲ ಸಲೀಸಾಗಬೇಕು, ಬಿಗಿಯಾಗಬಾರದು. "ಒಂದು ಕೊಳವೆ ತೋರ್ಸು" ಎಂದು ಕೈ ಚಾಚುತ್ತಾರೆ. ರಾಯ್ಸ್ ಜೇಬಿನಿಂದ ತೆಗೆದುಕೊಟ್ಟ ಕೊಳವೆಯ ಬುಡವನ್ನು ದೀಪದ ಕೆಳಗೆ ಹಿಡಿಯುತ್ತಾರೆ. ದುಂಡಗಿರಬೇಕಾದ ಕೇಪು ಚಪ್ಪಟೆಯಾಗಿ ಅಂಚಿಗೆ ಹರಡಿದೆ. ಹಿತ್ತಾಳೆಯ ಮೇಲೆ, ಕಾಡತೂಸಿನ ಹಿಂದೆ ಕೋವಿಯನ್ನು ಮುಚ್ಚುವ ಬೋಲ್ಟಿನ ಗುರುತು ಮುದ್ರೆ ಒತ್ತಿದಂತೆ ಹೊಳೆಯುತ್ತಿದೆ. ಕೋವಿ ತಾಳಬಹುದಾದ್ದಕ್ಕಿಂತ ಹೆಚ್ಚಿನ ಒತ್ತಡ ಒಳಗೆ ಎದ್ದಿದೆ. ಕೊಳವೆ ಬಿಗಿಯಾಗಿದ್ದು ಅದು ಉಬ್ಬಿದ್ದರಿಂದ. ಪ್ರೆಸ್ಸಿನ ತಪ್ಪು ಏನೂ ಇಲ್ಲ.

"ಮದ್ದು ಎಷ್ಟು ಹಾಕ್ದೆ?"

"ಯಾವಾಗ್ಲೂ ಹಾಕೋಷ್ಟೇ. ನಮ್ಮಪ್ಪನೂ ಅಷ್ಟೇ ಹಾಕ್ತಿದ್ದ."

ಸೇನೆಯ ಕೊಳವೆಗಳ ಗೋಡೆ ದಪ್ಪ, ಒಳಗಿನ ಜಾಗ ಕಡಿಮೆ, ಅಷ್ಟೇ ಮದ್ದಿಗೂ ಒತ್ತಡ ಹೆಚ್ಚು. ಮದ್ದು ಕಡಿಮೆ ಮಾಡಿ, ಮತ್ತೆ ಮೊದಲಿನಿಂದ ಪರೀಕ್ಷೆ ಮಾಡುತ್ತ ಬರಬೇಕು. ಆ ಕೊಳವೆಗಳ ಚೀಲವನ್ನು ಬೇಸಿಗೆಯಲ್ಲಿ ಮಾರಿದ್ದು ಲೋರ್ನಾ ಅವರೇ. ಪ್ರೆಸ್ಸು ಕೊಳ್ಳುವವರನ್ನು ಪೊಲೀಸರಂತೆ ವಿಚಾರಿಸುವ ಈ ಹೆಂಗಸು, ಅವತ್ತು ಚೀಲ ಮಾರುವಾಗ ಬಾಯಿ ಬಿಟ್ಟಿರಲಿಲ್ಲ.

"ತುಂಬಿದ್ದು ಇನ್ನೂ ಉಳಿದಿದ್ಯಾ?"

"ಒಂದು ಡಬ್ಬಿ ಇತ್ತು. ಮಾರ್ಲಾ ತಗೊಂಡು ಹೋದ್ಳು, ಗುರಿ ನೋಡ್ಕೊಂಡು ಬರ್ತೀನಿ ಅಂತ." ಮಾರ್ಲಾ ಅವನ ಹೆಂಡತಿ. ಬೇರೆಯವರು ತುಂಬಿದ ಕಾಡತೂಸನ್ನು ಈ ಕಣಿವೆಯಲ್ಲಿ ಯಾರೂ ಮುಟ್ಟುವುದಿಲ್ಲ, ಅಣ್ಣತಮ್ಮಂದಿರದ್ದಾದರೂ ಅಷ್ಟೇ. ಗಂಡ ಹೆಂಡಿರ ನಡುವೆ ಮಾತ್ರ ಆ ಮಾತು ಲೆಕ್ಕಕ್ಕಿಲ್ಲ.

ಊರಾಚೆಯ ಹಳೆಯ ಜಲ್ಲಿ ಗುಂಡಿಯಲ್ಲಿ ಎಲ್ಲರೂ ಗುರಿ ನೋಡಿಕೊಳ್ಳುವುದು. ಅಲ್ಲಿ ಫೋನು ಸಿಗುವುದಿಲ್ಲ. ಲೋರ್ನಾ ಏಪ್ರನ್ ಕೂಡ ಬಿಚ್ಚದೆ ರಾಯ್ಸ್‌ನ ಗಾಡಿ ಹತ್ತುತ್ತಾರೆ. ದಾರಿಯಲ್ಲಿ ರಾಯ್ಸ್ ಒಂದೇ ಮಾತು ಕೇಳುತ್ತಾನೆ: "ಏನಾಗ್ಬಹುದು?" ಲೋರ್ನಾಗೆ ಗೊತ್ತು. ಬೋಲ್ಟು ಸಿಡಿದರೆ ಅದು ಬರುವುದು ನೇರ ಮುಖಕ್ಕೆ. ಇನ್ನೂ ಬೇಗ ಓಡಿಸು ಎಂದಷ್ಟೇ ಹೇಳುತ್ತಾರೆ.

ಗುಂಡಿಯ ತಿರುವಿಗೆ ಬರುವಾಗ ಒಂದು ಈಡು ಕೇಳಿಸುತ್ತದೆ. ಆಮೇಲೆ ಏನೂ ಇಲ್ಲ. ರಾಯ್ಸ್ ಗಾಡಿ ನಿಲ್ಲಿಸದೆಯೇ ಬಾಗಿಲು ತೆಗೆದು ಹಾರುತ್ತಾನೆ. ಗಾಡಿ ತಾನೇ ಮುಂದೆ ಸಾಗಿ ಜಲ್ಲಿ ದಿಬ್ಬಕ್ಕೆ ತಾಗಿ ನಿಲ್ಲುತ್ತದೆ, ಒಳಗೆ ಲೋರ್ನಾ.

ಮಾರ್ಲಾ ನಿಂತಿದ್ದಾಳೆ. ಕೆನ್ನೆಯ ತುಂಬ ಮಸಿ. ಕಣ್ಣಿಗೆ ಹಾಕಿದ್ದ ದಪ್ಪ ಪ್ಲಾಸ್ಟಿಕ್ ಕನ್ನಡಕದ ಬಲಗಡೆ ಕಪ್ಪು ಚುಕ್ಕೆಗಳು ಒಳಕ್ಕೆ ನಾಟಿವೆ. ಕೋವಿಯ ಬೋಲ್ಟು ಕಚ್ಚಿಕೊಂಡು ನಿಂತಿದೆ. ಅದನ್ನು ಬಡಿದು ಬಿಡಿಸಲು ಅವಳು ಕೈಯಲ್ಲಿ ಮರದ ಸುತ್ತಿಗೆ ಹಿಡಿದಿದ್ದಾಳೆ.

"ಪ್ರೆಸ್ಸು ತರ್ತೀನಿ ಅಂತ ಹೋದೋನು ಲೋರ್ನಾನ್ನೇ ಹೊತ್ಕೊಂಡು ಬಂದ್ಯಾ?" ಎನ್ನುತ್ತಾಳೆ. ಇಬ್ಬರ ಮುಖ ನೋಡಿದ ಮೇಲೆ ಸುತ್ತಿಗೆ ತಾನಾಗಿ ಕೆಳಗಿಳಿಯುತ್ತದೆ. "ಏನಾಯ್ತು? ಯಾಕೆ ಹಂಗ್ ನೋಡ್ತೀರಾ?"

ರಾಯ್ಸ್ ಅವಳ ಕೈಯಿಂದ ಸುತ್ತಿಗೆ ಇಸಿದುಕೊಳ್ಳುತ್ತಾನೆ. ಹೇಳಬೇಕಾದ್ದನ್ನು ಲೋರ್ನಾ ಹೇಳುತ್ತಾರೆ, ಚೀಲ ಮಾರಿದ್ದನ್ನೂ, ಏನೂ ಕೇಳದೆ ಇದ್ದದ್ದನ್ನೂ. ಮಾರ್ಲಾ ಕನ್ನಡಕ ತೆಗೆದು ಆ ಚುಕ್ಕೆಗಳ ಮೇಲೆ ಬೆರಳಾಡಿಸುತ್ತಾಳೆ. ಆಮೇಲೆ ಗಂಡನ ಕಡೆ ತಿರುಗದೆಯೇ ಹೇಳುತ್ತಾಳೆ: "ನೀನು ತುಂಬಿದ್ದು ಅಂತ ನಾನು ಒಂದನ್ನೂ ತಿರುಗಿಸಿ ನೋಡ್ಲಿಲ್ಲ ಕಣೋ."

ಮರುದಿನ ಬೆಳಗ್ಗೆ ಅಂಗಡಿಗೆ ಬಂದದ್ದು ಮಾರ್ಲಾ, ಒಬ್ಬಳೇ. ಹಲಗೆಯ ಮುಂದೆ ನಿಂತು ಒಂದೊಂದೇ ಹಿಡಿ ಎಳೆದು ನೋಡುತ್ತಾಳೆ. "ಇನ್ಮೇಲೆ ನಮ್ಮನೇಲಿ ಇಬ್ರಿಗೂ ತುಂಬೋದು ನಾನೇ. ಇದ್ರಲ್ಲಿ, ಏನಾದ್ರೂ ತಪ್ಪಾದ್ರೆ ಕೈಗೆ ಬೇಗ ಗೊತ್ತಾಗೋದು ಯಾವ್ದು?"

ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಉತ್ತರ ಹೇಳಹೊರಟ ಲೋರ್ನಾ ಅವರ ಕಣ್ಣು ಸಾಲಿನ ಕೊನೆಯ ದೊಡ್ಡ ಪ್ರೆಸ್ಸಿನ ಮೇಲೆ ಹೋಗುತ್ತದೆ. ಗೊತ್ತಾಗುವುದು ಚಿಕ್ಕದರಲ್ಲಿ. ರಾಯ್ಸ್‌ನ ಚಿಕ್ಕ ಪ್ರೆಸ್ಸು ಹಿಡಿ ಮುರಿದುಕೊಂಡು ಹೇಳಿತ್ತಲ್ಲ. ಆ ಎರಕದ ರಾಕ್ಷಸ ಉಬ್ಬಿದ ಕೊಳವೆಯನ್ನೂ ಬೆಣ್ಣೆಯಂತೆ ಒತ್ತಿ ಕೊಡುತ್ತಿತ್ತು. ರಾಯ್ಸ್ ಬೇಸಿಗೆಯಲ್ಲೇ ಅದನ್ನು ಒಯ್ದಿದ್ದರೆ ಅಂಗಡಿಗೆ ದೂರು ಬರುತ್ತಲೇ ಇರಲಿಲ್ಲ, ಕೋವಿ ಸಿಡಿದ ಸುದ್ದಿಯೇ ಮೊದಲು ಬರುತ್ತಿತ್ತು.

"ದೊಡ್ಡದನ್ನ ಮಾರೋದು ಬಿಟ್ಟಿದ್ದೀನಿ ಅಂತಲ್ಲ," ಎನ್ನುತ್ತಾರೆ ಈಗ. "ಬೇಕಾದೋರಿಗೆ ಬೇಕು. ಆದ್ರೆ ಹಳೇದು ಬಿಗಿ ಆಯ್ತು, ಅದಕ್ಕೇ ದೊಡ್ಡದು ಬೇಕು ಅಂದ್ರೆ, ಕೊಳವೆ ತೋರಿಸ್ದೆ ಡಬ್ಬ ಇಳ್ಸಲ್ಲ." ಕೊಳವೆಯ ಚೀಲ ಕೊಳ್ಳುವವರಿಗೂ ಈಗ ವಿಚಾರಣೆ ತಪ್ಪಿದ್ದಲ್ಲ. ಸಾಲು ಉದ್ದವಾಗುತ್ತದೆ, ಅಂಗಡಿಯ ಯಜಮಾನ ಗಡಿಯಾರ ನೋಡುತ್ತಾನೆ, ಕೆಲವರು ಮುಖ ಸಿಂಡರಿಸಿಕೊಂಡು ಪಕ್ಕದ ಊರಿಗೆ ಹೋಗುತ್ತಾರೆ.

ಹೊರಗೆ ಯಾರೋ ಆಗಲೇ ಬಾಗಿಲು ಬಡಿಯುತ್ತಿದ್ದಾರೆ, ಮುದುಕಿ ಇನ್ನೂ ಎದ್ದಿಲ್ವಾ ಎಂದು ಕೂಗುತ್ತಿದ್ದಾರೆ. ಬೇಜಾರಾಗುವುದಿಲ್ಲವೇ ಎಂದರೆ ಲೋರ್ನಾ ಕೀಲಿಕೈ ಹುಡುಕುತ್ತ ಹೇಳುತ್ತಾರೆ: "ಬೈಯ್ಲಿ ಬಿಡಿ. ಮುಂದಿನ ವರ್ಷಾನೂ ಬಂದು ಎರಡೂ ಕಣ್ಣು ಬಿಟ್ಕೊಂಡು ನನ್ನನ್ನ ಗುರಾಯಿಸ್ಲಿ. ನಂಗೆ ಅಷ್ಟು ಸಾಕು."