ಹೆಸರು ಹಿಡಿದು ಕೇಳುವ ಪ್ರಾರ್ಥನೆ

"ಕಿರಿಸ್ತಾನರು ಅಂತ್ರಿ, ಮೀನು ತಿನ್ನೂದಿಲ್ಲ ಅಂತ್ರಿ. ಎಂತಾ ಕಿರಿಸ್ತಾನರು ನೀವು?"

ಕುಮಟೆಯಲ್ಲಿ ಬಾಡಿಗೆ ಮನೆ ಹುಡುಕುತ್ತ ಹೋದ ನನಗೆ ನಾಗವೇಣಕ್ಕ ಎಸೆದ ಮೊದಲ ಮಾತು ಇದು. ಅದಕ್ಕೂ ಮುಂಚೆ ಪೇಟೆಯ ಕೆಲವು ಮನೆಗಳಲ್ಲಿ ನನ್ನ ಹೆಸರು ಎಸ್ತೇರ ಎಂದು ಕೇಳಿದ ಕೂಡಲೇ, ಖಾಲಿಯಿದ್ದ ಕೋಣೆಗೆ ಅವರ ನೆಂಟರು ಬಂದು ಸೇರಿಬಿಟ್ಟಿದ್ದರು. ಕ್ರೈಸ್ತಳೆಂದು ಅಲ್ಲಿ ಮನೆ ಸಿಗಲಿಲ್ಲ. ಮೀನುಗಾರರ ಕೇರಿಯಲ್ಲಿ, ಮೀನು ತಿನ್ನದ ಕ್ರೈಸ್ತಳೆಂದು ಇದೂ ಕೈತಪ್ಪುವುದೇನೋ ಎಂದು ಜೀವ ಹೌಹಾರಿತು.

ನಾನು ಬೆಟಗೇರಿಯವಳು. ಸಮುದ್ರವನ್ನು ಭೂಪಟದಲ್ಲಿ ನೀಲಿ ಬಣ್ಣವಾಗಿ ಮಾತ್ರ ಕಂಡವಳು. ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತೆಂದು ಗಂಟುಮೂಟೆ ಕಟ್ಟಿಕೊಂಡು ಘಟ್ಟ ಇಳಿದೆ. ನಾಗವೇಣಕ್ಕ ಮೀನು ಮಾರುವವರು. ಗಂಡ ಇಲ್ಲ. ಮಗ ಉಮೇಶ ಹೊನ್ನಾವರದ ಬಂದರಿನಿಂದ ಬೋಟಿನಲ್ಲಿ ಮೀನಿಗೆ ಹೋಗುತ್ತಾನೆ. ಮನೆಯ ಹಿಂಭಾಗದ ಕೋಣೆ ನನಗೆ ಕೊಟ್ಟರು. ಕೊಡುವಾಗಲೂ ಒಂದು ಕುಟುಕು: "ನಿಮ್ಮ ಏಸು ಮೀನು ಹಿಡಿಯವ್ರ ಸಂಗಡವೇ ಇದ್ದಿದ್ನಂತೆ. ಅಲ್ಲಿ ಇವ್ರು ಏನು ತಿಂದ್ರು, ರೊಟ್ಟಿಯಾ?"

ನನಗೆ ಜೋಳದ ರೊಟ್ಟಿಯಿಲ್ಲದೆ ಹೊಟ್ಟೆ ತುಂಬುತ್ತಿರಲಿಲ್ಲ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಮ್ಮ ಕಡೆ ಮಳೆ ಬಂದರೆ ಜನ ಹೊರಗೆ ಬಂದು ಆಕಾಶ ನೋಡಿ ನಗುತ್ತಾರೆ. ಇಲ್ಲಿ ಮಳೆಗೆ ಒಗೆದ ಬಟ್ಟೆ ವಾರವಾದರೂ ಒಣಗದೆ, ಬೂಸಲು ಹಿಡಿದು, ಆಸ್ಪತ್ರೆಯ ಬಿಳಿ ಸೀರೆಯೂ ಮೀನು ನಾರುತ್ತದೆ. ಆದರೂ ಬರಬರುತ್ತ ನಾಗವೇಣಕ್ಕನ ತಾರ್ಲೆ ಸಾರು ನನ್ನನ್ನು ಗೆದ್ದಿತು. ತಾರ್ಲೆ ಎಂದರೆ ಬಡವರ ಮೀನು, ಮುಳ್ಳು ಜಾಸ್ತಿ. ಮುಳ್ಳು ಬಿಡಿಸಿ ತಿನ್ನಲು ಕಲಿತ ದಿನ ಅವರು ಕೇರಿಗೆಲ್ಲ ಸಾರಿಕೊಂಡು ಬಂದರು: "ನಮ್ಮ ಸಿಸ್ಟ್ರು ಈಗ ಕಿರಿಸ್ತಾನರಾದ್ರು ಕಾಣಿ!"

ಊಟ ಕಲಿತೆ, ಮಾತು ಕಲಿತೆ. ಕಲಿಯಲಾಗದೆ ಉಳಿದದ್ದು ಭಾನುವಾರ.

ಇಲ್ಲಿಯ ಕ್ರೈಸ್ತರು ಬಹಳ ಮಂದಿ ಕೊಂಕಣಿ ಮಾತಾಡುವ ಕಥೋಲಿಕರು, ನಾವು ಪ್ರೊಟೆಸ್ಟಂಟರು. ಅವರ ದೇವಾಲಯಕ್ಕೆ ಇಗರ್ಜಿ ಎನ್ನುತ್ತಾರೆ. ಪೂಜೆಯೂ ಹಾಡೂ ಕೊಂಕಣಿಯಲ್ಲಿ. ಅಲ್ಲಿ ಹೋಗಿ ಕೂತರೆ ನಾನು ಮದುವೆಗೆ ಬಂದ ಹೊರಗಿನವಳಂತೆ ಎಲ್ಲರ ಮುಖ ನೋಡುತ್ತಿದ್ದೆ. ಕೊನೆಗೆ ಹೊನ್ನಾವರದಲ್ಲಿ ನಮ್ಮ ಕಡೆಯ ಒಂದು ಕನ್ನಡ ಸಭೆ ಇದೆ ಎಂದು ತಿಳಿಯಿತು. ಸಭಾಹಿರಿಯ ಸಮುವೇಲಪ್ಪ ಹುಬ್ಬಳ್ಳಿ ಕಡೆಯ ಟೇಲರ್. ಅವರ ಅಂಗಡಿಯ ಮೇಲಿನ ಕೋಣೆಯಲ್ಲೇ ಸಭೆ. ಗಾರೆ ಕೆಲಸದವರು, ನನ್ನಂಥ ನರ್ಸುಗಳು, ಅಷ್ಟೇ ಜನ. ಮೊದಲ ಭಾನುವಾರ ನನ್ನ ಊರಿನ ಕನ್ನಡ ಕೇಳಿ ಕಣ್ಣು ತುಂಬಿಕೊಂಡಿತ್ತು.

ಆದರೆ ಒಂದು ಸಂಗತಿ ಅಲ್ಲಿ ಇರಲಿಲ್ಲ. ಬೆಟಗೇರಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಹೆಸರು ಹೇಳುತ್ತಿದ್ದರು. ಕ್ರೈಸ್ತರದಷ್ಟೇ ಅಲ್ಲ. ಎದುರುಮನೆ ಬಸವ್ವನ ಬಾಣಂತನ, ಟಾಂಗಾ ಹೊಡೆಯುವ ಹುಸೇನ್‌ಸಾಬನ ಕೋರ್ಟಿನ ವ್ಯಾಜ್ಯ, ಒಮ್ಮೆ ಗೌಡರ ಕಾಲು ಮುರಿದ ಎತ್ತು. ಎತ್ತಿನ ಸಲುವಾಗಿಯೂ ಆಮೆನ್ ಅಂದಿದ್ದೇವೆ. ನನ್ನ ಅಜ್ಜಿ ಹೇಳುತ್ತಿದ್ದಳು: "ಹೆಸರ ಹಿಡದು ಕೇಳಬೇಕವ್ವಾ. ದೇವರಿಗೆಲ್ಲಾ ಗೊತ್ತೈತಿ. ಯಾರ ಸಲುವಾಗಿ ಅಳಾಕತ್ತೀವಿ ಅನ್ನೋದು ನಮಗ ಗೊತ್ತಿರಬೇಕಲ್ಲ!" ಪ್ರಾರ್ಥನೆ ಎಂದರೆ ನನಗೆ ಇವತ್ತಿಗೂ ಅಷ್ಟೇ.

ಹೊನ್ನಾವರದ ಸಭೆಯಲ್ಲಿ ಸಮುವೇಲಪ್ಪ ಕಣ್ಣುಮುಚ್ಚಿ "ಕಷ್ಟದಲ್ಲಿರುವ ಎಲ್ಲರಿಗಾಗಿ" ಎಂದು ಒಂದೇ ಮಾತಿನಲ್ಲಿ ಲೋಕವನ್ನೆಲ್ಲ ಮುಗಿಸಿಬಿಡುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಹಾರ್ಮೋನಿಯಂ ತೋರಿಸಿದರು. ಅದರ ಕೆಲವು ಸ್ವರದ ಮನೆಗಳು ಮುರಿದಿದ್ದವು. ಹಿಂದೆ ಬಾಡಿಗೆ ಕೋಣೆಯಲ್ಲಿ ಸಭೆ ನಡೆಯುತ್ತಿದ್ದಾಗ, ಬೇರೆ ಧರ್ಮದ ಕಾಯಿಲೆಯ ಹೆಂಗಸೊಬ್ಬಳ ಹೆಸರು ಹಿಡಿದು ಪ್ರಾರ್ಥಿಸಿದ್ದರಂತೆ. ಯಾರೋ ಮೊಬೈಲಿನಲ್ಲಿ ಹಿಡಿದರು. ಮತಾಂತರ ಎಂದು ಗುಂಪು ಬಂತು, ಗಲಾಟೆಯಾಯಿತು, ಪೊಲೀಸರು ಬಂದರು, ಕೋಣೆ ಹೋಯಿತು. "ಈಗ ಈ ಅಂಗಡಿ ಒಂದ ಉಳದೈತಿ ತಂಗಿ," ಎಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಹೀಗಿರುವಾಗ ಉಮೇಶನ ಬೋಟು ತಿರುಗಿ ಬರಲಿಲ್ಲ.

ಗಾಳಿ ಎದ್ದಿತ್ತು. ಉಳಿದ ಬೋಟುಗಳೆಲ್ಲ ಬಂದರು ಸೇರಿದ್ದವು. ಫೋನು ಹತ್ತುತ್ತಿರಲಿಲ್ಲ. ನಾಗವೇಣಕ್ಕ ಒಲೆ ಹಚ್ಚುವುದು ಬಿಟ್ಟರು. ದೇವಸ್ಥಾನಕ್ಕೆ ಹರಕೆ ಹೇಳಿದರು. ಭಟ್ಕಳದ ದರ್ಗಾಕ್ಕೆ ಹೇಳಿಕೊಂಡರು. ಹೆದ್ದಾರಿ ಪಕ್ಕದ ಇಗರ್ಜಿಗೆ ಮೇಣದಬತ್ತಿ ಹೇಳಿಕೊಂಡರು. ಈ ಕರಾವಳಿಯ ಹೆಂಗಸರಿಗೆ ಇದೆಲ್ಲ ಹೊಸದಲ್ಲ. ಸಮುದ್ರ ಯಾರ ಮಾತು ಕೇಳುತ್ತದೋ ಯಾರಿಗೆ ಗೊತ್ತು? ಭಾನುವಾರ ಬೆಳಿಗ್ಗೆ ತಲೆಗೆ ಮಿಂದು, ಕೈಯಲ್ಲೊಂದು ತೆಂಗಿನಕಾಯಿ ಹಿಡಿದು ನನ್ನ ಬಾಗಿಲಲ್ಲಿ ನಿಂತರು.

"ಸಿಸ್ಟ್ರೇ, ನಾನೂ ಬತ್ತೆ. ನಿಮ್ಮಲ್ಲಿ ಹೆಸ್ರು ಹಿಡ್ದು ಕೇಳ್ತ್ರಿ ಅಂತ ನೀವೇ ಹೇಳಿದ್ರಲ್ಲ. ಉಮೇಶನ ಹೆಸ್ರು ಹೇಳ್ಸಿ."

ಹೇಳಿದ್ದು ನಿಜ. ಅಜ್ಜಿಯ ಕಥೆ ಹೇಳುತ್ತ ಬೆಟಗೇರಿಯನ್ನೂ ಹೊನ್ನಾವರವನ್ನೂ ಒಂದೇ ಮಾಡಿ ಹೇಳಿದ್ದೆನೋ ಏನೋ. ಇಬ್ಬರೂ ಬಸ್ಸು ಹತ್ತಿದೆವು. ಸಮುದ್ರದ ಕಡೆ ನೋಡುವುದಿಲ್ಲವೆಂದು ದಾರಿಯುದ್ದಕ್ಕೂ ಅವರು ಕಾಯಿಯನ್ನೇ ನೋಡುತ್ತ ಕೂತಿದ್ದರು.

ಸಮುವೇಲಪ್ಪ ಮೆಟ್ಟಿಲ ತುದಿಯಲ್ಲಿದ್ದರು. ಮೊದಲು ಕಾಯಿ ನೋಡಿದರು, ಆಮೇಲೆ ಅವರ ಕೈಯ ಹರಕೆ ದಾರ, ಆಮೇಲೆ ನನ್ನ ಮುಖ.

"ಅವ್ವಾ, ನೀವು ಇಲ್ಲೇ ಕುಂಡ್ರಿ. ಒಳಗ ಜಾಗ ಇಲ್ರಿ."

ಒಳಗೆ ಅರ್ಧಕ್ಕರ್ಧ ಕುರ್ಚಿ ಖಾಲಿ. ಬಾಗಿಲು ತೆರೆದೇ ಇತ್ತು.

"ಆತು, ಅಡ್ಡಿಲ್ಲ," ಎಂದು ನಾಗವೇಣಕ್ಕ ಚಪ್ಪಲಿಗಳ ಪಕ್ಕ ಮೆಟ್ಟಿಲ ಮೇಲೆ ಕೂತರು.

ನಾನು ಸಮುವೇಲಪ್ಪನವರನ್ನು ಪಕ್ಕಕ್ಕೆ ಕರೆದೆ. "ಅಣ್ಣಾರ, ಆಕಿ ಮಗ ನೀರಾಗದಾನ. ಒಂದ ಹೆಸರು."

"ಒಂದ ಹೆಸರಿನಿಂದನ ಆಗಿದ್ದು ತಂಗಿ ಎಲ್ಲಾ. ಕೆಳಗ ರಸ್ತೆ ಐತಿ, ಜನ ನೋಡತಾರ, ಮತ್ತ ಪೊಲೀಸರು ಬರತಾರ. ನಾ ಮನಸಿನ್ಯಾಗ ಹೇಳತೀನಿ. ದೇವರಿಗೆ ಗೊತ್ತಾಗತೈತಿ."

"ದೇವರಿಗೆ ಗೊತ್ತಾಗತೈತ್ರಿ. ಆಕಿಗೆ?"

ಅವರು ಒಳಗೆ ಹೋಗಿ ಬೈಬಲ್ ತೆರೆದರು.

ಅವತ್ತಿನ ಉಪದೇಶ, ಏಸು ಬಿರುಗಾಳಿಯನ್ನು ಗದರಿಸಿದ್ದು. ಬೇಕೆಂದು ಆರಿಸಿದ್ದಲ್ಲ, ಮೊದಲೇ ಗೊತ್ತುಮಾಡಿದ್ದು. ಶಿಷ್ಯರ ದೋಣಿ ತುಂಬ ನೀರು ಬಂದದ್ದನ್ನು ಸಮುವೇಲಪ್ಪ ಚೆನ್ನಾಗಿಯೇ ವರ್ಣಿಸಿದರು. ಕನ್ನಡದ ಸಭೆಯಲ್ಲವೇ? ಮೆಟ್ಟಿಲ ಮೇಲಿದ್ದವರಿಗೆ ಒಂದೊಂದು ಮಾತೂ ತಿಳಿಯುತ್ತಿತ್ತು. ಕೊಂಕಣಿ ಬಾರದ ನಾನು ಇಗರ್ಜಿಯಲ್ಲಿ ಪೆದ್ದಿಯಂತೆ ಕೂರುವುದೇ ಇದಕ್ಕಿಂತ ದಯೆಯ ಸಂಗತಿ ಅನ್ನಿಸಿತು.

"ಕಷ್ಟದಲ್ಲಿರುವ ಎಲ್ಲರಿಗಾಗಿ," ಎಂದು ಅವರು ಮುಗಿಸುವಷ್ಟರಲ್ಲಿ ನಾನು ಎದ್ದು ನಿಂತೆ. "ಕುಮಟೆಯ ನಾಗವೇಣಿಯವರ ಮಗ ಉಮೇಶ..." ಎಂದೆ. ಹಾರ್ಮೋನಿಯಂ ಭೋರೆಂದು ಎದ್ದಿತು. ಸಭೆ ಹಾಡತೊಡಗಿತು. ಮುರಿದ ಮನೆಗಳ ಪೆಟ್ಟಿಗೆಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಬಸ್ ನಿಲ್ದಾಣದಲ್ಲಿ ನಾಗವೇಣಕ್ಕ ಕಾಯಿಯನ್ನು ಮಡಿಲಿಗೆ ಎಳೆದುಕೊಂಡರು.

"ಹೆಸ್ರು ಬರಲೇ ಇಲ್ಲಲ್ಲ ಸಿಸ್ಟ್ರೇ?"

"ನಾನು ಹೇಳಿದೆ ಅಕ್ಕಾ."

"ಮೆಟ್ಲಲ್ಲಿ ಕೂತ ನಂಗೇ ಕೇಳಲಿಲ್ಲ. ಮೇಲಿದ್ದವ್ನಿಗೆ ಕೇಳ್ತಾ?" ಬಸ್ಸು ಬಂತೋ ಎಂದು ನೋಡಿ, "ನಿಮ್ಮ ದೇವ್ರಿಗೂ ಪೊಲೀಸ್ರ ಹೆದ್ರಿಕೆಯಾ?" ಎಂದರು. ಅದರಲ್ಲಿ ಕುಟುಕು ಇರಲಿಲ್ಲ. ನಿಜಕ್ಕೂ ತಿಳಿಯಬೇಕಾಗಿತ್ತು ಅವರಿಗೆ.

ಉಮೇಶ ಬಂದ. ಎಂಜಿನ್ ಕೆಟ್ಟು ತೇಲುತ್ತಿದ್ದ ಬೋಟನ್ನು ಭಟ್ಕಳದ ಮುಸ್ಲಿಂ ಸಾಹೇಬರೊಬ್ಬರ ಬೋಟಿನವರು ಕಂಡು, ಹಗ್ಗ ಕಟ್ಟಿ ತಮ್ಮ ಬಂದರಿಗೆ ಎಳೆದು ತಂದಿದ್ದರು. ತುಟಿ ಒಡೆದು, ಕಣ್ಣು ಒಳಗಿಳಿದು, ಅಂತೂ ಜೀವಂತ. ನಾಗವೇಣಕ್ಕ ಹರಕೆ ತೀರಿಸಲು ಹೊರಟರು. ನನ್ನನ್ನೂ ಕರೆದುಕೊಂಡರು. ದೇವಸ್ಥಾನಕ್ಕೆ ಕಾಯಿ, ಬಾಳೆಹಣ್ಣು. ದರ್ಗಾಕ್ಕೆ ಸಕ್ಕರೆ, ಹೂವು. ಇಗರ್ಜಿಯಲ್ಲಿ ಸಾಲು ಮೇಣದಬತ್ತಿ. ಮೂರ್ತಿಯ ಮುಂದೆ ಬತ್ತಿ ಹಚ್ಚಬಾರದೆಂದು ಕಲಿತು ಬೆಳೆದ ನಾನು ಗಾಳಿಗೆ ಕೈ ಅಡ್ಡ ಹಿಡಿದೆ.

ಹೊರಗೆ ಬಂದು ಅವರು ಚೀಲ ಕೊಡವಿದರು. ಖಾಲಿ.

"ನಿಮ್ಮ ಸಭೆಗೆ ಎಂತದೂ ಇಲ್ಲ ಸಿಸ್ಟ್ರೇ. ಬೇಜಾರು ಮಾಡ್ಕಣೂದು ಬೇಡ. ಹೇಳ್ಕಂಡಲ್ಲಿ ತೀರ್ಸೂದು. ನಿಮ್ಮಲ್ಲಿ ಹೇಳ್ಕಳ್ಳೂಕೇ ಬಿಡಲಿಲ್ಲಲ್ಲ."

ಮುಂದಿನ ಭಾನುವಾರ ಸಮುವೇಲಪ್ಪ ಸಭೆಯಲ್ಲಿ ಕೃತಜ್ಞತೆ ಸಲ್ಲಿಸಿದರು. "ಒಬ್ಬ ತಾಯಿಯ ಮಗನನ್ನು ಕರ್ತನು ಸಮುದ್ರದಿಂದ ತಿರುಗಿ ಕೊಟ್ಟನು." ಆಗಲೂ ಹೆಸರಿಲ್ಲ. ಎಲ್ಲರೂ ಆಮೆನ್ ಎಂದರು. ನನಗೆ ತುಟಿ ಬಿಚ್ಚಲಾಗಲಿಲ್ಲ.

ರಜೆಗೆ ಬೆಟಗೇರಿಗೆ ಹೋದಾಗ ನಾಗವೇಣಿ, ಉಮೇಶ ಎಂಬ ಎರಡು ಹೆಸರನ್ನು ಸಭೆಯಲ್ಲಿ ಹೇಳಲೇಬೇಕೆಂದು ಹೋದೆ. ಅಜ್ಜಿ ಕೂರುತ್ತಿದ್ದ ಬೆಂಚಿನಲ್ಲೇ ಕೂತೆ. ಎರಡು ಹೆಸರಿವೆ ಎಂದು ಮೊದಲೇ ತಿಳಿಸಿದ್ದೆ; ಪ್ರಾರ್ಥನೆಯ ಹೊತ್ತಿಗೆ ಏಳುವುದರೊಳಗೆ ಹೊಸ ಸಭಾಪಾಲಕರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಹೊರಗಿನವರ ಹೆಸರು ಈಗ ತಗೊಳ್ಳೂದಿಲ್ರಿ ಅಕ್ಕಾರ. ಆರಾಧನಿ ಲೈವ್ ಹೋಗತೈತಿ. ಕಾಲ ಸರಿ ಇಲ್ಲ." ಗೋಡೆಗೆ ಆನಿಸಿಟ್ಟ ಮೊಬೈಲೊಂದು ನಮ್ಮನ್ನೆಲ್ಲ ನೋಡುತ್ತಿತ್ತು. ನಾನು ಏಳಲಿಲ್ಲ. ಬಸವ್ವನ ಮನೆಯವರು ಈಗಲೂ ಎದುರಿನಲ್ಲೇ ಇದ್ದಾರೆ. ಇಷ್ಟು ದಿನ ಹೊನ್ನಾವರವನ್ನು ಯಾವ ಊರಿನ ಜೊತೆ ತೂಗುತ್ತಿದ್ದೆನೋ, ಆ ಊರು ಎದ್ದು ಹೋಗಿ ಎಷ್ಟೋ ಕಾಲವಾಗಿತ್ತು.

ನಿಮ್ಮ ಸಭೆ ಯಾವುದು ಎಂದು ಯಾರಾದರೂ ಕೇಳಿದರೆ ನಾನೀಗ ಊರಿನ ಹೆಸರು ಹೇಳಲು ತಡವರಿಸುತ್ತೇನೆ.

ಕುಮಟೆಯಲ್ಲಿ ಬಸ್ಸಿಳಿದು ಮನೆ ಸೇರಿದಾಗ ನಾಗವೇಣಕ್ಕ ಹಿತ್ತಿಲಲ್ಲಿ ತಾರ್ಲೆ ಹಸನು ಮಾಡುತ್ತಿದ್ದರು.

"ನಿಮ್ಮೂರ ಸಭೇಲಿ ನಮ್ಮ ಉಮೇಶನ ಸುದ್ದಿ ಹೇಳಿದ್ರಾ?"

"ಹೇಳಿದೆ."

"ಜೋರಾಗಿ?"

ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಅವರ ಎದುರಿಗೆ ಮೀನು ಹಸನು ಮಾಡಲು ಕೂತೆ.