ಭೂಪಟದ ಮುಂದೆ ಬರಿಗಾಲು

ಪುಣ್ಯಕ್ಷೇತ್ರಗಳು ಮನುಷ್ಯನಿಗೆ ವಿನಯ ಕಲಿಸುತ್ತವೆ ಎಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳಿದವರು ಸೋಮವಾರ ನಂಜನಗೂಡಿನ ದೇವಸ್ಥಾನದ ಕ್ಯೂನಲ್ಲಿ ನಿಂತವರಲ್ಲ.

ನಾನು ಅಂಥ ವಿನಯ ಕಂಡದ್ದು ತಿ. ನರಸೀಪುರದ ನಮ್ಮ ಹೈಸ್ಕೂಲಿನ ಸಮಾಜ ಪಾಠದ ಮೇಷ್ಟ್ರಲ್ಲಿ. ತೊಂಬತ್ತರ ದಶಕದಲ್ಲಿ ನಾನಲ್ಲಿ ಗಣಿತ ಹೇಳುತ್ತಿದ್ದೆ. ಕಾಶಿಯಿರಲಿ, ಮೆಕ್ಕಾ ಇರಲಿ, ಬೋಧಗಯೆ ಇರಲಿ, ಭೂಪಟದಲ್ಲಿ ಅದನ್ನು ತೋರಿಸುವ ಮುಂಚೆ ಅವರು ಚಪ್ಪಲಿ ಬಿಡುತ್ತಿದ್ದರು, ಮಕ್ಕಳಿಂದಲೂ ಬಿಡಿಸುತ್ತಿದ್ದರು. "ಯಾರೋ ಅಲ್ಲಿ ನಿಂತು ಅತ್ತಿದ್ದಾರೆ ಕಣ್ರಪ್ಪ" ಎನ್ನುವುದೊಂದೇ ಕಾರಣ. ಸ್ವತಃ ಮೈಸೂರು ದಾಟಿದವರಲ್ಲ.

ಹಾಸಿಗೆ ಹಿಡಿದ ಹೆಂಡತಿಯನ್ನು ನಂಜನಗೂಡಿನಲ್ಲಿ ಬಿಟ್ಟು ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವರು ಅಲ್ಲಿಗೇ ವರ್ಗ ಕೇಳಿದ್ದರು. ಆ ಅರ್ಜಿಗೆ ಶಿಫಾರಸು ಬರೆಯಬೇಕಾದ ಇನ್‌ಸ್ಪೆಕ್ಟರು ಪಾಠದ ಮಧ್ಯೆ ಬೂಟು ಸದ್ದು ಮಾಡುತ್ತ ಬಂದರು. "ಇವತ್ತೊಂದಿನ ಸುಮ್ನಿರಿ ಮೇಷ್ಟ್ರೇ" ಎಂದು ಪಕ್ಕದ ತರಗತಿಯಿಂದ ಓಡಿಬಂದು ನಾನು ಪಿಸುಗುಟ್ಟಿದೆ.

"ಬೂಟು ಬಿಟ್ಟು ಬನ್ನಿ ಸಾ, ಜೆರುಸಲೇಮ್ ನಡೀತಿದೆ" ಎಂದರು ಮೇಷ್ಟ್ರು.

"ಅದು ಬರೀ ಕಾಗದ ಕಣ್ರೀ!"

"ನಂಜನಗೂಡಲ್ಲಿರೋದೂ ಕಲ್ಲೇ ಅಲ್ವಾ ಸಾ? ಅಲ್ಲಿ ಬಿಡ್ತೀರಲ್ಲ."

ಇನ್‌ಸ್ಪೆಕ್ಟರು ಬಿಟ್ಟರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ದರ್ಶನ ಕೊಟ್ಟಿತು. ತರಗತಿಯಲ್ಲಿ ಒಬ್ಬರೂ ನಗಲಿಲ್ಲ. ಪಾಠ ಮುಗಿಯುವವರೆಗೂ ಅವರು ಕೈಕಟ್ಟಿ ನಿಂತಿದ್ದರು.

ಆಮೇಲೆ ಅರ್ಜಿ ತರಿಸಿ, "ಇಂಥ ಶಿಕ್ಷಕರು ಈ ಶಾಲೆಗೆ ಅತ್ಯಗತ್ಯ, ಬಿಡತಕ್ಕದ್ದಲ್ಲ" ಎಂದು ಮನಃಪೂರ್ವಕವಾಗಿ ಬರೆದು ಸಹಿ ಹಾಕಿದರು. ವರ್ಗ ಆಗಲಿಲ್ಲ.